ಹಿಂಬಾಗಿಲಿನಿಂದ ಶುರುವಾದ ಕೆಲಸ: ನಮ್ಮೂರ ಮ್ಯೂಸಿಯಂ ಹಿತ್ತಿಲಿನ ಟಿಪ್ಪಣಿ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮ್ಯೂಸಿಯಂ ಇದೆ. ಮ್ಯೂಸಿಯಂ ಅನ್ನುವುದು ಬೋರ್ಡಿನ ಮೇಲಿನ ಮಾತು. ವಾಚನಾಲಯಕ್ಕೆ ಸೇರಿದ ಹಳೆ ಹಂಚಿನ ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಒಂದು ಚಾವಡಿ, ಎರಡು ಕೋಣೆ, ಹಿಂದೆ ಅಡುಗೆ ಕೋಣೆ. ಒಳಗಿರುವುದೆಲ್ಲ ಊರವರು ಕೊಟ್ಟ ಸಾಮಾನು: ನೊಗ, ನೇಗಿಲು, ಕಳಸಿಗೆ, ಸೇರು, ಅಕ್ಕಿ ಮುಡಿ, ಮಳೆಗೆ ಹೊದೆಯುವ ಗೊರಬು, ಹಾಳೆಯ ಟೋಪಿ ಮುಟ್ಟಾಳೆ, ಗುಳಿಗೆ ಕಾಯಿ ಹಾಕಿ ಆಡುವ ಚೆನ್ನೆಮಣೆ, ಚರ್ಮ ಹರಿದ ಮದ್ದಳೆ, ಯಕ್ಷಗಾನದ ಕಿರೀಟ ಭುಜಕೀರ್ತಿ, ಮತ್ತೆ ಎಲ್ಲಕ್ಕಿಂತ ಜೋಪಾನ ಬೇಕಾದ ಓಲೆಗರಿಯ ಕಟ್ಟುಗಳು.

2020ರ ಮಾರ್ಚಿನಲ್ಲಿ ಕೋವಿಡಿನಿಂದಾಗಿ ಬೀಗ ಬಿತ್ತು. ಆ ವರ್ಷ ನವೆಂಬರಿನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ಮ್ಯೂಸಿಯಂಗಳಿಗೆಂದು ಮಾರ್ಗಸೂಚಿ ಹೊರಡಿಸಿದಾಗ ನಾವೂ ಅದನ್ನು ಪ್ರಿಂಟ್ ತೆಗೆದು ಮುಂದಿಟ್ಟುಕೊಂಡು ಕೂತೆವು. ಆರಡಿ ಅಂತರ, ಮಾಸ್ಕ್, ಥರ್ಮಲ್ ಸ್ಕ್ಯಾನಿಂಗ್, ಸಾಧ್ಯವಾದಷ್ಟು ಒಳಗೆ ಬರುವ ದಾರಿ ಬೇರೆ, ಹೊರಗೆ ಹೋಗುವ ದಾರಿ ಬೇರೆ. ಎಸಿ ಇದ್ದಲ್ಲಿ 24ರಿಂದ 30 ಡಿಗ್ರಿ, ತೇವಾಂಶ ಶೇ. 40ರಿಂದ 70ರೊಳಗೆ, ಹೊರಗಿನ ಗಾಳಿ ಆದಷ್ಟು ಹೆಚ್ಚು ಬರಲಿ ಎಂದೂ ಇತ್ತು. ನಮ್ಮ ಎಸಿ ಅಂದರೆ ಹಂಚಿನ ಸಂದಿ. ಗಾಳಿಯ ಜತೆಗೆ ಮಳೆಯೂ ಬರುತ್ತದೆ.

ನಮ್ಮನ್ನು ಕಟ್ಟಿಹಾಕಿದ್ದು ಎರಡು ದಾರಿಯ ವಿಚಾರ. ಚಾವಡಿಯ ಮುಂಬಾಗಿಲಲ್ಲಿ ಬಂದವರು ಅಲ್ಲೇ ತಿರುಗಿ ಹೋಗುವುದು ಅಷ್ಟು ವರ್ಷದ ಅಭ್ಯಾಸ. ಎರಡನೇ ಬಾಗಿಲು ಇದ್ದದ್ದು ಅಡುಗೆ ಕೋಣೆಯಲ್ಲಿ. ಅದನ್ನು ತೆಗೆದರೆ ಸಿಗುವುದು ಹಿತ್ತಿಲು: ಎದೆಮಟ್ಟದ ಕಮ್ಯುನಿಸ್ಟ್ ಗಿಡವೆಂಬ ಕಳೆ, ಯಾವಾಗಲೋ ತಂದು ಹಾಕಿದ ಒಡಕು ಹಂಚಿನ ರಾಶಿ, ಹಾವಸೆ ಕಟ್ಟಿದ ನೆಲ. ಹೊರಗೆ ಹೋಗುವ ದಾರಿ ಬೇಕಾದರೆ ಹಿತ್ತಿಲು ಸರಿಯಾಗಬೇಕು. ಮ್ಯೂಸಿಯಂನ ಗಾರ್ಡನ್ ಎಂಬ ಮಾತು ಹುಟ್ಟಿದ್ದು ಇಷ್ಟರಿಂದ. ಚಂದ ಮಾಡಬೇಕು ಎಂಬ ಆಸೆ ಆಮೇಲೆ ಸೇರಿಕೊಂಡಿತು, ಮತ್ತೆ ಅದೇ ಮೊದಲಿನಿಂದ ಇದ್ದ ಉದ್ದೇಶ ಎಂಬಂತೆ ಮೀಟಿಂಗಿನಲ್ಲಿ ಮಾತಾಡತೊಡಗಿತು.

ಜನವರಿ 2021

ಲ್ಯಾಂಡ್‌ಸ್ಕೇಪಿಂಗ್ ಮಾಡುವವರೊಬ್ಬರು ಬಂದು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ತೋರಿಸಿದರು. ಮುಂದಿನ ಜಾಲಿಗೆ (ಅಂಗಳಕ್ಕೆ) ಪೂರಾ ಇಂಟರ್‌ಲಾಕ್, ನಡುವೆ ಕಾರಂಜಿ, ಎರಡೂ ಬದಿಗೆ ಮೆಕ್ಸಿಕನ್ ಹುಲ್ಲು, ಮೂಲೆಯಲ್ಲಿ ಸಿಮೆಂಟಿನ ಜಿಂಕೆ. ಚಿತ್ರ ಚಂದವೇ ಇತ್ತು. ನಾನು ಒಂದು ಲೆಕ್ಕ ಕೇಳಿದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ನೂರು ಚದರ ಮೀಟರಿನ ಮಾಡು (ಛಾವಣಿ) ಇದ್ದರೆ ಅದರ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಮೂರೂವರೆ ಲಕ್ಷ ಲೀಟರು. ಹೆಚ್ಚಿನದ್ದು ಜೂನ್, ಜುಲೈ, ಆಗಸ್ಟಿನಲ್ಲಿ ಬೀಳುವಂಥದ್ದು. ಜಾಲಿಗೆ ಕಲ್ಲು ಹಾಸಿದ ಮೇಲೆ ಅದೆಲ್ಲ ಎಲ್ಲಿಗೆ ಹೋಗಬೇಕು? ಅವರು, "ಯಾಕೆ, ಇಲ್ಲಿ ಡ್ರೈನೇಜ್ ಇಲ್ವಾ?" ಎಂದು ನಮ್ಮನ್ನೇ ಕೇಳಿದರು. ಚಿತ್ರ ಅಲ್ಲಿಗೆ ಮಡಚಿತು. ಜಿಂಕೆಯ ಬಗ್ಗೆ ಮಾತ್ರ ಕಮಿಟಿಯ ಇಬ್ಬರಿಗೆ ಈಗಲೂ ಬೇಸರವಿದೆ.

ಮತ್ತೆ ಬಂದವರು ಕಲ್ಲಿನ ಮೇಸ್ತ್ರಿ. ಅವರು ಗಿಡದ ಮಾತೇ ಎತ್ತಲಿಲ್ಲ. ಹಿಂದಿನ ಗೋಡೆಯ ಬದಿಗೆ ನಿಂತು ಮಾಡಿನ ಅಂಚು ನೋಡಿದರು, ಕಾಲಡಿಯ ನೆಲ ನೋಡಿದರು, ಗೋಡೆಯ ಪೈಂಟಿಗೆ ಉಗುರು ಹಾಕಿದರು. ಪೈಂಟು ಸಿಮೆಂಟು ಸಮೇತ ಹಪ್ಪಳದ ಹಾಗೆ ಕೈಗೆ ಬಂತು. "ಮಾಷ್ಟ್ರೆ, ಗಿಡ ಮತ್ತೆ ನೆಡುವ. ಮಾಡಿನ ನೀರು ಎಲ್ಲಿಗೆ ಹೋಗ್ತದೆ, ಅದನ್ನು ಮೊದಲು ಹೇಳಿ."

ಅದು ಹೋಗುತ್ತಿದ್ದದ್ದು ಗೋಡೆಯ ಒಳಕ್ಕೆ. ಒಂದು ಕಾಲದಲ್ಲಿ ಯಾರೋ ಗೋಡೆಗೆ ಒತ್ತಿ ಹೂವಿನ ಪಾತಿ ಮಾಡಿದ್ದಾರೆ. ವರ್ಷವರ್ಷ ಗೊಬ್ಬರ, ಮಣ್ಣು ಬಿದ್ದು ಪಾತಿ ಏರುತ್ತ ಏರುತ್ತ ಪಂಚಾಂಗದ (ತಳಪಾಯದ) ಕಲ್ಲು ಮುಚ್ಚಿ, ಅದರ ಮೇಲಿನ ಗೋಡೆಗೂ ಮಣ್ಣು ತಾಗಿದೆ. ಮಾಡಿನಿಂದ ಬಿದ್ದ ನೀರು ಹೊರಗೆ ಹರಿಯಲು ಜಾಗವಿಲ್ಲದೆ ಗೋಡೆಯ ಬುಡದಲ್ಲೇ ನಿಲ್ಲುತ್ತದೆ. ಮುರಕಲ್ಲು ತೂತು ತೂತಿನ ಕಲ್ಲು; ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಬಿಡಲಿಕ್ಕೆ ಆಗದ ಹಾಗೆ ಒಳಗೂ ಹೊರಗೂ ಸಿಮೆಂಟ್ ಸಾರಣೆ ಮಾಡಿ ಎನಾಮಲ್ ಪೈಂಟ್ ಹೊಡೆದಿದ್ದರು, ಒದ್ದೆ ಕಾಣಬಾರದೆಂದು. ಕಾಣಲಿಲ್ಲ ನಿಜ. ಗೋಡೆಯೊಳಗೆ ಮೇಲಕ್ಕೆ ಏರಿ, ಸರಿಯಾಗಿ ಓಲೆಗರಿಯ ಕಪಾಟಿನ ಹಿಂದೆ ಬೂಸ್ಲು ಹಿಡಿಸಿತು.

ಓಲೆಗರಿಗೆ ತೇವಾಂಶ ಶೇ. 50, 60ರ ಸುಮಾರಿಗೆ ಇದ್ದರೆ ಒಳ್ಳೆಯದು. 70 ದಾಟಿ ಅಲ್ಲೇ ನಿಂತರೆ ಬೂಸ್ಲು ಖಂಡಿತ. ತೀರ ಒಣಗಿದರೆ ಗರಿ ಸೀಳುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಮಾಪಕದ ಮುಳ್ಳು 80ರಿಂದ ಕೆಳಗೆ ಇಳಿಯುವುದೇ ಇಲ್ಲ. ಅಂದರೆ ಕೋವಿಡಿಗೆ ಕಿಟಕಿ ತೆರೆಯಬೇಕು, ಓಲೆಗೆ ಕಿಟಕಿ ಮುಚ್ಚಬೇಕು. ಒಂದೇ ಕೋಣೆಯಲ್ಲಿ ಎರಡೂ ಆಗುವುದಿಲ್ಲ. ನಾವು ತೀರ್ಮಾನಿಸಿದ್ದು: ಓಲೆ ಕೋಣೆಗೆ ಜನ ಹೋಗುವುದೇ ಬೇಡ, ಹಿತ್ತಿಲಿನಿಂದ ಕಿಟಕಿಯಲ್ಲಿ ನೋಡಲಿ. ಉಳಿದ ಕೋಣೆಗಳ ಕಿಟಕಿ ಪೂರಾ ತೆರೆದಿರಲಿ. ಅಲ್ಲಿಂದ ಮುಂದೆ ಹಿತ್ತಿಲು ಹೊರಗೆ ಹೋಗುವ ದಾರಿ ಮಾತ್ರವಾಗಿ ಉಳಿಯಲಿಲ್ಲ. ಅದೂ ಒಂದು ಕೋಣೆ, ಎಲ್ಲಕ್ಕಿಂತ ದೊಡ್ಡದು, ಗಾಳಿಗೆ ಬರಗಾಲವಿಲ್ಲದ್ದು.

ಫೆಬ್ರವರಿಯಿಂದ ಏಪ್ರಿಲ್

ಮೊದಲು ಗೋಡೆಯ ಬದಿಯ ಮಣ್ಣು ತೆಗೆದದ್ದು. ಕೊಟ್ಟು, ಪಿಕ್ಕಾಸು, ಹೆಡಿಗೆ. ಜೆಸಿಬಿ ಬೇಡವೆಂದೆವು, ಗೋಡೆಯ ಬುಡದಲ್ಲಿ ಅದಕ್ಕೆ ಲಗಾಮಿಲ್ಲ. ಪಂಚಾಂಗದ ಕಲ್ಲು ಕಾಣುವ ತನಕ ತೆಗೆದು, ಅಲ್ಲಿಂದ ಹೊರಕ್ಕೆ ಮೀಟರಿಗೆ ಎರಡು ಸೆಂಟಿಮೀಟರ್ ತಗ್ಗುವ ಹಾಗೆ ನೆಲ ಮಾಡಿದೆವು. ಕಣ್ಣಂದಾಜಿಗೆ ಇದು ಸಿಗುವುದಿಲ್ಲ. ಹಿತ್ತಿಲು ಗುಡ್ಡದ ಬದಿಯಲ್ಲಿರುವುದರಿಂದ ಮಟ್ಟಸ ಜಾಗವೂ ಇಳಿಜಾರಿನಂತೆ, ಇಳಿಜಾರು ಮಟ್ಟಸದಂತೆ ಕಾಣುತ್ತದೆ.

ಮೇಸ್ತ್ರಿಯ ಉಪಾಯ ಹಳೆಯದೇ: ನೀರು ತುಂಬಿದ ಲೆವೆಲ್ ಪೈಪು. ಎರಡೂ ತುದಿ ಎತ್ತಿ ಹಿಡಿದರೆ ಎರಡರಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ತುದಿ ಗೋಡೆಗೆ ಹೊಡೆದ ಗೂಟಕ್ಕೆ, ಇನ್ನೊಂದು ನನ್ನ ಕೈಯಲ್ಲಿ, ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ. "ಮೇಲೆ... ಮೇಲೆ... ಸಾಕು, ಕೆಳಗೆ ಒಂದು ನೂಲು." ಪೈಪಿನ ಒಳಗೆ ಒಂದು ಗುಳ್ಳೆ ಇದ್ದರೆ ಲೆಕ್ಕ ಪೂರಾ ತಪ್ಪುತ್ತದೆ, ಅದಕ್ಕೆ ಮೇಸ್ತ್ರಿ ಪ್ರತಿ ಸಲ ಪೈಪನ್ನು ಬೆರಳಿನಿಂದ ತಟ್ಟಿ, ಬಿಸಿಲಿಗೆ ಹಿಡಿದು, ಉದ್ದಕ್ಕೂ ನೋಡಿಯೇ ಕೆಲಸಕ್ಕೆ ತೊಡಗುವುದು. ಗುರುತು ಹಾಕಿ ಆದ ಮೇಲೆ ಒಂದು ಬಾಲ್ದಿ ನೀರನ್ನು ಗೋಡೆಯ ಬುಡಕ್ಕೆ ಹೊಯ್ದರು. ನೀರು ಒಂದು ಗಳಿಗೆ ಯೋಚಿಸಿ, ಗೋಡೆ ಬಿಟ್ಟು ಹೊರಕ್ಕೆ ಹೊರಟಿತು. ನಡುವೆ ಒಂದು ಕಡೆ ಎಡಕ್ಕೆ ತಿರುಗಿತು. ಅಲ್ಲಿ ಅವರು ಪಿಕ್ಕಾಸಿನಿಂದ ಒಂದು ಗೆರೆ ಎಳೆದರು. ಕಣಿ (ನೀರಿನ ಕಾಲುವೆ) ಹೋಗಬೇಕಾದ ದಾರಿ ಅದೇ ಎಂದರು. ನಾವು ಕಾಗದದಲ್ಲಿ ಎಳೆದ ಗೆರೆ ಬೇರೆ ಇತ್ತು. ಕಾಗದ ತಿದ್ದಿಕೊಂಡೆವು.

ಮಾಡಿನ ನೀರು ಬೀಳುವ ಸಾಲಿನಲ್ಲಿ ಹೊಳೆಗಲ್ಲು ಹಾಸಿದೆವು, ಮಣ್ಣು ಚಿಮ್ಮಿ ಗೋಡೆಗೆ ಹಾರಬಾರದೆಂದು. ಅದರಾಚೆಗೆ ಒಂದಡಿ ಅಗಲದ ಕಣಿ. ಕಣಿಯ ಬದಿಗೆ ಸಿಮೆಂಟಿಲ್ಲದೆ ಮುರಕಲ್ಲು ಕಟ್ಟಿದ್ದು, ಅಡಿಗೆ ಏನೂ ಹಾಕದೆ ಬಿಟ್ಟದ್ದು. ಸಣ್ಣ ಮಳೆಯ ನೀರು ಅಲ್ಲೇ ಇಂಗಲಿ. ದೊಡ್ಡ ಮಳೆಯದ್ದು ಹಿತ್ತಿಲಿನ ಕೆಳತುದಿಯ ಇಂಗುಗುಂಡಿಗೆ, ಅದೂ ತುಂಬಿದರೆ ತೋಡಿಗೆ.

ಇಂಗುಗುಂಡಿಯ ಜಾಗಕ್ಕೆ ಸ್ವಲ್ಪ ಚರ್ಚೆಯಾಯಿತು. ಹಿಂದಿನ ದರೆಯ (ಗುಡ್ಡದ ಕಡಿದಾದ ಬದಿಯ) ಮೇಲೆ ತೆಗೆದರೆ ಕೆಳಗಿನ ಬಾವಿಗೆ ಒಳ್ಳೆಯದು ಎಂದು ಒಬ್ಬರ ವಾದ. ನಮ್ಮ ಕಡೆಯ ದರೆಗಳನ್ನು ಕಡಿದಲ್ಲಿ ನೋಡಿದವರಿಗೆ ಗೊತ್ತು, ಮೇಲೆ ಗಟ್ಟಿ ಮುರ, ಕೆಳಗೆ ಮೆತ್ತಗಿನ ಶೇಡಿ ಮಣ್ಣು. ಶೇಡಿ ನೀರು ಕುಡಿದರೆ ಬೆಣ್ಣೆ. ಮೇಲಿನಿಂದ ಇಂಗಿಸುತ್ತ ಹೋದರೆ ಒಂದು ಆಷಾಢದಲ್ಲಿ ದರೆ ಜಾಲಿಗೆ ಬಂದು ಕೂರುತ್ತದೆ. ಮಳೆನೀರು ಇಂಗಿಸಿ ಎಂಬ ಮಾತನ್ನು ಎಲ್ಲಾ ಕಡೆಗೂ ಒಂದೇ ತೆರನಾಗಿ ಹೇಳುವವರು ಒಮ್ಮೆ ಜುಲೈಯಲ್ಲಿ ಗಡಿನಾಡಿನ ಗುಡ್ಡಗಳ ಕೆಳಗೆ ಮಲಗಿ ನೋಡಬೇಕು.

ಗೋಡೆಯ ಸಿಮೆಂಟು ಕೀಳುವುದು ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ನೆಲದಿಂದ ಸೊಂಟದೆತ್ತರಕ್ಕೆ ಒಳಗೂ ಹೊರಗೂ ಕಿತ್ತು, ಬೇಸಗೆ ಪೂರ್ತಿ ಕಲ್ಲನ್ನು ಬತ್ತಲೆ ಬಿಟ್ಟೆವು. ಏಪ್ರಿಲ್ ಕೊನೆಗೆ ಸುಣ್ಣದ ಗಾರೆ. ಮರುವಾಯಿ ಚಿಪ್ಪು ಸುಟ್ಟ ಸುಣ್ಣವನ್ನು ಫೆಬ್ರವರಿಯಲ್ಲೇ ನೀರಿನಲ್ಲಿ ಅರಳಿಸಿ ಡ್ರಮ್ಮಿನಲ್ಲಿ ಮುಚ್ಚಿಟ್ಟಿದ್ದೆವು, ಹಳತಾದಷ್ಟೂ ನಯ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಅದೂ ಬಹಳ ನಿಧಾನಕ್ಕೆ. ಬಿಸಿಲಿಗೆ ಒಮ್ಮೆಲೇ ಒಣಗಿದರೆ ಬಿರುಕು. ಹಾಗಾಗಿ ಒದ್ದೆ ಗೋಣಿ ಕಟ್ಟಿ, ದಿನಕ್ಕೆರಡು ಸಲ ನೀರು ಚಿಮುಕಿಸುವ ಕೆಲಸ ಗ್ರಂಥಪಾಲಕಿ ಅಕ್ಕ ವಹಿಸಿಕೊಂಡರು. ನಡುವೆ ಏಪ್ರಿಲ್ 6ರ ವಿಧಾನಸಭಾ ಚುನಾವಣೆ. ಅದರ ಮುಂಚಿನ ಎರಡು ವಾರ ಕೆಲಸಕ್ಕೆ ಜನವೇ ಇಲ್ಲ, ಎಲ್ಲರೂ ಯಾವುದೋ ಒಂದು ಜೀಪಿನ ಹಿಂದೆ.

ಮೇ 8ಕ್ಕೆ ಮತ್ತೆ ಲಾಕ್‌ಡೌನ್. ಒಂದು ವಾರದೊಳಗೆ ಟೌಕ್ಟೇ ಚಂಡಮಾರುತ ಕೇರಳದ ಕರಾವಳಿಯುದ್ದಕ್ಕೂ ಮಳೆ ಸುರಿದುಕೊಂಡು ಬಡಗಣಕ್ಕೆ ಹೋಯಿತು. ಸುಣ್ಣ ಹಸಿ, ಕಣಿಯ ಕೆಳತುದಿ ಅರ್ಧ ಕೆಲಸ. ಆದರೂ ಕಣಿ ತನ್ನ ಕೆಲಸ ಮಾಡಿತು. ಅಕ್ಕ ತೆಗೆದು ಕಳುಹಿಸಿದ ವಿಡಿಯೊದಲ್ಲಿ ಗೋಡೆಯ ಬುಡ ಒಣಗಿಲ್ಲ, ಆದರೆ ನೀರೂ ನಿಂತಿಲ್ಲ. ಕೆಂಪು ನೀರು ಕಣಿಯಲ್ಲಿ ತೋಡಿನ ಕಡೆಗೆ ಓಡುತ್ತಿತ್ತು.

ಸಿಂಪಡಣೆ ಬೇಡ ಎಂದದ್ದು

ಇದಕ್ಕೆ ತಿಂಗಳ ಲೆಕ್ಕವಿಲ್ಲ, ಆಗಾಗ ಬರುತ್ತಿದ್ದ ಸಲಹೆ. ಮ್ಯೂಸಿಯಂ ತೆರೆಯುವ ಮುಂಚೆ ಒಳಗೆಲ್ಲ ಪಂಪಿನಲ್ಲಿ ಹೈಪೋಕ್ಲೋರೈಟ್ ಹೊಡೆಸಿ, ಹಿತ್ತಿಲಿನ ಕಳೆಗೆ ಏನಾದರೂ ಮದ್ದು ಹೊಡೆಸಿ, ಒಂದೇ ದಿನಕ್ಕೆ ಮುಗಿಯುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಪೆರ್ಲದ ಬದಿಯಲ್ಲಿ ಕೂತು ಪಂಪು ಹೆಗಲಿಗೇರಿಸುವ ಮಾತನ್ನು ಹಗುರಕ್ಕೆ ಆಡಲಾಗುವುದಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯ ಮೇಲೆ, ಸುತ್ತಿನ ಗೇರು ತೋಟಗಳ ಮೇಲೆ, ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಬಿದ್ದದ್ದನ್ನು ನೋಡಿದವರು ನಮ್ಮ ಕಮಿಟಿಯಲ್ಲೇ ಇದ್ದಾರೆ. ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಕಳೆ ಕೈಯಲ್ಲೇ ಕೀಳುವುದೆಂದು ಮೀಟಿಂಗಿನಲ್ಲಿ ಮಾತೇ ಇಲ್ಲದೆ ಪಾಸಾಯಿತು. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮುಂಚೆ, ಮಳೆಗೆ ನೆಲ ಮೆತ್ತಗಿರುವಾಗ ಬೇರು ಸಮೇತ ಎಳೆದರೆ ಅರ್ಧ ಯುದ್ಧ ಗೆದ್ದ ಹಾಗೆ. ಎಳೆದದ್ದು ಗಿಡಗಳ ಬುಡಕ್ಕೆ ಸೊಪ್ಪಾಯಿತು.

ಒಳಗಿನ ಸಾಮಾನಿಗೆ ಹೈಪೋಕ್ಲೋರೈಟ್ ಬೇಡವೆಂದದ್ದಕ್ಕೆ ಬೇರೆ ಕಾರಣ. ಅದು ಕಂಚು ಹಿತ್ತಾಳೆಯನ್ನು ತಿನ್ನುತ್ತದೆ, ಬಣ್ಣ ಬಿಳುಚಿಸುತ್ತದೆ, ಹಳೆ ಮರವನ್ನು ಸುಮ್ಮನೆ ಒದ್ದೆ ಮಾಡುತ್ತದೆ. ಸ್ಯಾನಿಟೈಸರಿನ ಆಲ್ಕೋಹಾಲ್ ಅರಗಿನ ಪಾಲಿಷನ್ನು ಕರಗಿಸುತ್ತದೆ. ವೈರಸ್ಸು ವಸ್ತುವಿನ ಮೇಲೆ ಕೆಲವು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ವರ್ಷವಿಡೀ ಬೀಗ ಹಾಕಿದ ಕೋಣೆಗೆ ಔಷಧ ಹೊಡೆಯುವುದು ಯಾರಿಗೋಸ್ಕರ? ನೆಲಕ್ಕೆ ಸೋಪಿನ ನೀರು, ಬಾಗಿಲಿನ ಹಿಡಿಗೆ ಮಾತ್ರ ಸ್ಯಾನಿಟೈಸರ್ ಬಟ್ಟೆ. ಮುಟ್ಟುವ ಸಾಮಾನನ್ನೆಲ್ಲ ಕೈಗೆಟುಕದ ಹಾಗೆ ಒಳಕ್ಕೆ ಸರಿಸಿದೆವು. ಕೋವಿಡಿಗಿಂತ ಹೆಚ್ಚು ಹಾಳು ಮಾಡಿದ್ದು ಒರಲೆ (ಗೆದ್ದಲು). ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅದು ಒಂದು ಕಪಾಟಿನ ಕಾಲಿನ ಒಳಗಿಂದಲೇ ಏರಿ ನೇಗಿಲಿನ ಮೇಣಿ ತಿಂದಿತ್ತು. ಹಾಗಾಗಿ ಹಿತ್ತಿಲಿನ ನಿಯಮ: ಗೋಡೆಯಿಂದ ಎರಡಡಿ ಒಳಗೆ ಗಿಡವಿಲ್ಲ, ಸೊಪ್ಪಿಲ್ಲ, ಸೋಗೆ ಇಲ್ಲ. ಒರಲೆಯ ಮಣ್ಣಿನ ದಾರಿ ಬಂದರೆ ಬೋಳು ಕಲ್ಲಿನ ಮೇಲೆ ಕಣ್ಣಿಗೆ ಬೀಳಬೇಕು.

ಗಿಡದ ಪಟ್ಟಿ

ಯಾವ ಗಿಡ ಎಂಬುದಕ್ಕೆ ಅಕ್ಕನೇ ಒಂದು ದಾರಿ ಹೇಳಿದರು: ಒಳಗಿರುವ ವಸ್ತು ಯಾವ ಗಿಡದ್ದೋ ಅದನ್ನೇ ಹೊರಗೆ ನೆಡುವುದು. ಮದ್ದಳೆಗೆ ಹಲಸು. ಮುಟ್ಟಾಳೆಗೆ ಅಡಕೆ. ಗೊರಬಿಗೂ ಓಲೆಗೂ ಶ್ರೀತಾಳೆ. ಚಾಪೆಗೆ ಕೇದಗೆಯ ಬಳಗದ ಆ ಮುಳ್ಳೆಲೆಯ ಗಿಡ. ಚೆನ್ನೆಯ ಕಾಯಿಗೆ ಮಂಜೊಟ್ಟಿ. ಓಲೆಗೆ ಸವರುವ ಎಣ್ಣೆಗೆ ಮಜ್ಜಿಗೆ ಹುಲ್ಲು, ಕಟ್ಟಿನ ಜತೆ ಬಟ್ಟೆಯಲ್ಲಿ ಕಟ್ಟಿಡುವ ಬಜೆ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಪಾಲೆ. ಇದು ಯಾವ ವಸ್ತುವಿಗೂ ಸೇರಿದ್ದಲ್ಲ, ಆದರೂ ಪಾಲೆ ಇಲ್ಲದ ಹಿತ್ತಿಲು ಏನು ಹಿತ್ತಿಲು ಎಂದು ಮೇಸ್ತ್ರಿ ಪಟ್ಟು ಹಿಡಿದರು. ಬೇಲಿಗೆ ಕೇಪುಳ, ಕಣಿಯ ಅಂಚು ಕುಸಿಯದಂತೆ ಲಾವಂಚ, ಕೈತೊಳೆಯುವ ನೀರು ಹೋಗುವಲ್ಲಿ ಬಾಳೆ, ಕೆಸು.

ಪುತ್ತೂರಿನ ಕಡೆಯ ನರ್ಸರಿಗೆ ಹೋಗಿ ಒಂದೇ ಗಾಡಿಯಲ್ಲಿ ತರುವುದೆಂದಿತ್ತು. ಗಡಿಯ ಸಾರಡ್ಕ ದಾಟಿದರೆ ಹತ್ತಿರ. ಆದರೆ ಆ ವರ್ಷ ಕೇರಳದಿಂದ ಹೋಗುವವರಿಗೆ ಕರ್ನಾಟಕ ಆರ್‌ಟಿಪಿಸಿಆರ್ ಸರ್ಟಿಫಿಕೇಟ್ ಕೇಳುತ್ತಿತ್ತು. ಹಲಸಿನ ಸಸಿಗೋಸ್ಕರ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. 2020ರಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿಗೆ ಹೋಗಬೇಕಾದ ರೋಗಿಗಳೇ ದಾಟಲಾಗದೆ ಹಿಂದೆ ಬಂದದ್ದನ್ನು ಕಂಡ ಮೇಲೆ ಗಿಡದ ಕಷ್ಟ ಕಷ್ಟವೇ ಅಲ್ಲ. ಜೂನ್ ಮೊದಲ ವಾರ ಸಾಮಾಜಿಕ ಅರಣ್ಯ ವಿಭಾಗದ ಸಸಿಗಳು ಸ್ವಲ್ಪ ಸಿಕ್ಕಿದವು. ಉಳಿದದ್ದು ಮನೆಮನೆಯ ಹಿತ್ತಿಲಿನದ್ದು. ಮಂಜೊಟ್ಟಿಯ ಸಸಿ ಕೊಟ್ಟವರು ಜತೆಗೆ ಒಂದು ಡಬ್ಬಿ ಕಾಯಿಯನ್ನೂ ಕೊಟ್ಟರು. ಅದು ಮತ್ತೆ ಉಪಯೋಗಕ್ಕೆ ಬಂತು.

ಹಿತ್ತಿಲಿನ ಮೇಲ್ಭಾಗ ಪೂರಾ ಪಾದೆ (ಬಂಡೆ), ಒಂದು ಗೇಣು ಮಣ್ಣು ಇದ್ದರೆ ಹೆಚ್ಚು. ಮುರಕಲ್ಲಿನಲ್ಲಿ ತೆಂಗು ನೆಡುವುದಕ್ಕೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಹೇಳುವ ಕ್ರಮ ಹೀಗೆ: 1.2 ಮೀಟರ್ ಉದ್ದ, ಅಗಲ, ಆಳದ ಹೊಂಡ, ಅದರ ಅಡಿಗೆ ಎರಡು ಕಿಲೊ ಉಪ್ಪು, ಮುರ ಸಡಿಲವಾಗಲು. ತೆಂಗಿಗೆ ಉಪ್ಪು ಸಹಿಸುವ ಜೀವವಿದೆ. ಹಲಸಿಗೂ ಹಾಗೆಯೇ ಮಾಡುವ ಎಂದವರಿದ್ದರು, ಬೇಡವೆಂದೆ. ಅದಕ್ಕೆ ಬರೀ ಪಿಕ್ಕಾಸು, ಒಂದು ರಾತ್ರಿ ನೀರು ನಿಲ್ಲಿಸುವುದು, ಮತ್ತೆ ಪಿಕ್ಕಾಸು. ಹೊಂಡದ ಅಡಿಗೆ ತೆಂಗಿನ ಸಿಪ್ಪೆ, ಗುಳಿಯ ಮೈ ಮೇಲೆ ಮಾಡಿ ಎರಡು ಪದರ. ಕವುಚಿ ಹಾಕಿದರೆ ನೀರು ಜಾರುತ್ತದೆ, ಅಂಗಾತ ಇಟ್ಟರೆ ಹಿಡಿದುಕೊಳ್ಳುತ್ತದೆ. ಫೆಬ್ರವರಿ ತನಕ ಬೇರಿಗೆ ಅದರ ತಂಪು ಸಿಗುತ್ತದೆ. ತೆಂಗು ಮಾತ್ರ ದಾರಿಯಿಂದ ದೂರ, ಬೇಲಿಯ ಮೂಲೆಗೆ. ಮ್ಯೂಸಿಯಂ ನೋಡಲು ಬಂದವರ ತಲೆಗೆ ಕಾಯಿ ಬೀಳಬಾರದಲ್ಲ. ಶ್ರೀತಾಳೆಯೂ ಮೂಲೆಗೇ, ಒಂದೊಂದು ಗರಿ ಐದು ಮೀಟರ್ ತನಕ ಹರಡುವ ಮರವನ್ನು ಗೋಡೆಯ ಬದಿ ಇಟ್ಟರೆ ಹಂಚು ಉಳಿಯುವುದಿಲ್ಲ. ಆರ್ದ್ರಾ ಮಳೆ ಹಿಡಿದ ಮೇಲೆ ನೆಟ್ಟ ಸಸಿಗಳು ತಂಟೆಯಿಲ್ಲದೆ ಹಿಡಿದವು. ಲಾಕ್‌ಡೌನ್ ಇದ್ದುದರಿಂದ ಒಬ್ಬೊಬ್ಬರೇ ಬಂದು ಒಂದೊಂದು ಹೊಂಡ ಮುಗಿಸಿ ಹೋಗುತ್ತಿದ್ದೆವು.

ದಾರಿಗೆ ಮುರಕಲ್ಲು ಹಾಸಿದ್ದು ಜನ ಒಂದೇ ಕಡೆಗೆ ನಡೆಯುವ ಲೆಕ್ಕದಲ್ಲಿ, 1.2 ಮೀಟರ್ ಅಗಲ. ನಿಂತು ನೋಡುವ ಕಡೆ ದಾರಿಯನ್ನು ಅಗಲಿಸಿದ್ದು, ಹಿಂದಿನವರು ತಾಗದೆ ಮುಂದೆ ಹೋಗಲಿ ಎಂದು. ಅಡುಗೆ ಕೋಣೆಯ ಮೆಟ್ಟಿಲ ಜಾಗಕ್ಕೆ ಗಾಲಿಕುರ್ಚಿ ಇಳಿಯುವ ಜಾರುದಾರಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು, ಅದರಲ್ಲಿ ರಾಜಿ ಮಾಡಲಿಲ್ಲ. ಮಳೆಗಾಲದಲ್ಲಿ ಕಲ್ಲಿಗೆ ಹಾವಸೆ ಬರುತ್ತದೆ. ಅದಕ್ಕೆ ಊರಿನ ಹಳೆ ಉಪಾಯವೇ ಸಾಕು, ಸೀಳಿದ ಅಡಕೆ ಮರದ ದಬ್ಬೆ ಹಾಸುವುದು.

ಕಿಟಕಿ ಮತ್ತೆ ಪೆಡಲ್

ಓಲೆ ಕೋಣೆಯ ಕಿಟಕಿಗೆ ಗಾಜು ಹಾಕಿ ಸಂದಿಗೆಲ್ಲ ರಬ್ಬರ್ ಪಟ್ಟಿ ಕೊಟ್ಟಾಯಿತು. ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ತಿರುಗಿದಾಗ ತೆಗೆದು ಬಿಸಿ ಮಾಡಿ ಮತ್ತೆ ಇಡುವುದು. ಉಳಿದದ್ದು ಬೆಳಕಿನ ಸಮಸ್ಯೆ. ಓಲೆ, ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು. ನಮ್ಮ ಕಿಟಕಿ ಪಡುವಣಕ್ಕೆ. ಹೊರಗೆ ಪರದೆ ಇಳಿಬಿಟ್ಟು, ನೋಡುವವರು ಬಂದಾಗ ಮಾತ್ರ ಎತ್ತಬೇಕು. ಹಗ್ಗ ಎಳೆಯುವ ಹಾಗೆ ಮಾಡಿದರೆ ಬಂದವರೆಲ್ಲ ಅದೇ ಹಗ್ಗ ಮುಟ್ಟುತ್ತಾರೆ.

ವೆಲ್ಡಿಂಗ್ ಅಂಗಡಿಯ ಹುಡುಗ ಆಗ ಪೇಟೆಗೆಲ್ಲ ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್ ಮಾಡಿಕೊಡುತ್ತಿದ್ದ. ಅದೇ ಪೆಡಲಿಗೆ ಸೈಕಲ್ ಬ್ರೇಕಿನ ಕೇಬಲ್ ಕಟ್ಟಿ, ಕೇಬಲನ್ನು ಗೋಡೆಯ ಮೇಲಿನ ಸಣ್ಣ ರಾಟೆಯಲ್ಲಿ ಹಾಯಿಸಿ ಪರದೆಯ ಕೆಳಗಿನ ಕೋಲಿಗೆ ಸಿಕ್ಕಿಸಿದ. ಪೆಡಲು ನಾಲ್ಕು ಇಂಚು ಇಳಿದರೆ ಪರದೆ ನಾಲ್ಕೇ ಇಂಚು ಏರಿತು. ಅವನು ತಲೆ ಕೆರೆದುಕೊಂಡು, ಒಂದೇ ಅಚ್ಚಿಗೆ ಸಣ್ಣದೊಂದು ದೊಡ್ಡದೊಂದು ಚಕ್ರ ಕೂರಿಸಿದ. ಪೆಡಲಿನ ಕೇಬಲ್ ಸಣ್ಣ ಚಕ್ರಕ್ಕೆ, ಪರದೆಯ ದಾರ ದೊಡ್ಡದಕ್ಕೆ. ಈಗ ಕಾಲಿಟ್ಟರೆ ಪರದೆ ಕಿಟಕಿಯ ಅರ್ಧಕ್ಕೆ ಏರುತ್ತದೆ, ಕಾಲು ತೆಗೆದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಒತ್ತಲು ಸ್ವಲ್ಪ ಬಲ ಬೇಕು. ಗಾಲಿಕುರ್ಚಿಯಲ್ಲಿ ಬಂದವರಿಗೆ ಪಕ್ಕದಲ್ಲಿದ್ದವರು ಒತ್ತಿಕೊಡಬೇಕಾಗುತ್ತದೆ. ಸಣ್ಣ ಮಕ್ಕಳು ಎರಡೂ ಕಾಲಲ್ಲಿ ಹತ್ತಿ ನಿಲ್ಲುತ್ತಾರೆ. ಓಲೆಗಿಂತ ಪೆಡಲಿಗೇ ಜನ ಹೆಚ್ಚು ಎಂದು ಅಕ್ಕ ದೂರುತ್ತಾರೆ.

ಚೆನ್ನೆಯದ್ದು ಬೇರೆ ಕಥೆ. ಮೊದಲೆಲ್ಲ ಮಕ್ಕಳು ಒಳಗೆ ಬಂದೊಡನೆ ಕೂರುತ್ತಿದ್ದದ್ದು ಚೆನ್ನೆಮಣೆಯ ಮುಂದೆ. ಹಳೆ ಮಣೆಯನ್ನು ಇನ್ನು ಮುಟ್ಟಲು ಕೊಡುವ ಹಾಗಿಲ್ಲ. ಮುರಕಲ್ಲು ಕೋರೆಯಿಂದ ಬಂದ ಹೊಸತರಲ್ಲಿ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಲಾರಿಯಿಂದ ಇಳಿಸಿದ ದಿನವೇ ಮೇಸ್ತ್ರಿ ನಯವಾದ ಕಲ್ಲು ಆರಿಸಿ, ಒಂದೊಂದರಲ್ಲಿ ಏಳೇಳು ಗುಳಿ ಕೊರೆದರು. ಎರಡು ಕಲ್ಲು ಒತ್ತಿಟ್ಟರೆ ಹದಿನಾಲ್ಕು ಗುಳಿಯ ಮಣೆ. ಗುಳಿಗೆ ನಾಲ್ಕರ ಲೆಕ್ಕದಲ್ಲಿ 56 ಮಂಜೊಟ್ಟಿ ಕಾಯಿ. ಆಡಿದ ಮೇಲೆ ಕಾಯಿ ಸೋಪಿನ ನೀರಿನ ಬಾಲ್ದಿಗೆ. ಮಳೆಗಾಲದಲ್ಲಿ ಗುಳಿಯಲ್ಲಿ ನೀರು ನಿಂತರೆ ಸೊಳ್ಳೆ, ಡೆಂಗಿ. ಅದಕ್ಕೇ ಕಲ್ಲನ್ನು ಕಟ್ಟೆಗೆ ಗಾರೆ ಹಾಕಿ ಕೂರಿಸದೆ ಬಿಟ್ಟದ್ದು. ಸಂಜೆ ಮಗುಚಿ ಹಾಕಿದರಾಯಿತು.

ತೆರೆದದ್ದು

ಅಕ್ಟೋಬರಿನಲ್ಲೂ ಮಳೆ ಬಿಡಲಿಲ್ಲ. ಕೇರಳದಲ್ಲಿ ಶಾಲೆಗಳು ನವೆಂಬರ್ 1ಕ್ಕೆ ತೆರೆದವು, ನಾವು ಅದರ ನಂತರ. ನವೆಂಬರ್ ಒಂದು ನಮ್ಮ ಕಡೆಗೆ ಸ್ವಲ್ಪ ತೊಡಕಿನ ದಿನ, ಎರಡು ರಾಜ್ಯದ ಹಬ್ಬವೂ ಅಂದೇ. ಯಾವ ಧ್ವಜದ ಕೆಳಗೆ ರಿಬ್ಬನ್ ಕತ್ತರಿಸುವುದು ಎಂಬ ಚರ್ಚೆಯೇ ಬೇಡವೆಂದು ಬೇರೊಂದು ಆದಿತ್ಯವಾರ ಹಿಡಿದೆವು. ರಿಬ್ಬನ್ನೂ ಇರಲಿಲ್ಲ.

ಆಗಿನ ಕ್ರಮ ಇಷ್ಟು. ಗೇಟಿನಲ್ಲಿ ಕೈತೊಳೆದು, ಹೆಸರು ಫೋನ್ ನಂಬ್ರ ಬರೆದು, ಹತ್ತು ಜನರ ಗುಂಪು ಚಾವಡಿಗೆ. ಅಲ್ಲಿಂದ ನಡುಕೋಣೆ, ಅಡುಗೆ ಕೋಣೆ, ಹಿಂಬಾಗಿಲು, ಓಲೆ ಕಿಟಕಿ, ಗಿಡಗಳ ಸಾಲು, ಚೆನ್ನೆಕಲ್ಲು, ಬದಿಯ ಓಣಿಯಿಂದ ಗೇಟು. ಮುಂದಿನ ಗುಂಪು ಒಳಗೆ ಹೋಗುವುದು ಹಿಂದಿನದ್ದು ಕಿಟಕಿ ದಾಟಿದ ಮೇಲೆ. ಫಲಕಗಳು ಕನ್ನಡ, ಮಲಯಾಳ ಎರಡರಲ್ಲೂ, ಗಿಡಗಳಿಗೆ ತುಳು ಹೆಸರು ಸಹ. ಫಲಕ ಎಲ್ಲವೂ ಗೂಟಕ್ಕೆ. ಮರಕ್ಕೆ ಮೊಳೆ ಹೊಡೆಯುವುದಿಲ್ಲ. ಜನ ಒಳಗೆ ಕಳೆದ ಹೊತ್ತಿಗಿಂತ ಹಿತ್ತಿಲಿನಲ್ಲಿ ಕಳೆದದ್ದು ಜಾಸ್ತಿ. ಅಜ್ಜಿಯೊಬ್ಬರು ಮಜ್ಜಿಗೆ ಹುಲ್ಲಿನ ಒಂದು ಬುಡ ಕೇಳಿ ತೆಗೆದುಕೊಂಡು ಹೋದರು, ಇನ್ನೂ ಮೂವರು ಕೇಳದೆ.

ಗೋಡೆ ಪೂರಾ ಒಣಗಿದೆ ಎನ್ನಲಾರೆ. ಓಲೆ ಕಪಾಟಿನ ಹಿಂದಿನ ಕಲೆ ಮಾತ್ರ ಆ ಮಳೆಗಾಲದಲ್ಲಿ ಮೇಲಕ್ಕೆ ಏರಲಿಲ್ಲ. ನಾವು ಸೀಸದ ಕಡ್ಡಿಯಲ್ಲಿ ಹಾಕಿದ ಗೆರೆಯಿಂದ ಕೆಳಗೇ ನಿಂತಿದೆ.

ಬಾಕಿ ಇರುವುದು: ಹಿಂದಿನ ದರೆಯಲ್ಲಿ ನೀರಿಗೆಂದು ಅಡ್ಡಕ್ಕೆ ಕೊರೆದ ಒಂದು ಹಳೆ ಸುರಂಗ ಇದೆ, ಒಬ್ಬ ಮನುಷ್ಯ ನಡೆಯುವಷ್ಟು ಅಗಲ, ಬೇಸಗೆಯಲ್ಲೂ ಸಣ್ಣಕ್ಕೆ ನೀರು ಬರುತ್ತದೆ. ಮಕ್ಕಳು ನುಗ್ಗದ ಹಾಗೆ ಕಂಬಿಯ ಬಾಗಿಲು ಆಗಬೇಕು, ಹೂಳು ತೆಗೆಯಲು ಕೆಲಸ ಗೊತ್ತಿದ್ದವರೇ ಬರಬೇಕು. ಮಾಡಿನಂಚಿಗೆ ನೀರು ಹಿಡಿಯುವ ದಂಬೆ ಹಾಕುವುದೋ ಬೇಡವೋ ಎಂಬ ಜಗಳ ಮೇಸ್ತ್ರಿಗೂ ನನಗೂ ಮುಗಿದಿಲ್ಲ. ಎಲೆ ಕಟ್ಟಿಕೊಂಡು ನೀರು ಒಳಗೇ ಇಳಿಯುತ್ತದೆ ಎಂದು ಅವರು, ಹೊಳೆಗಲ್ಲಿನ ಸಾಲು ಒಂದೇ ಸಾಕಾಗದು ಎಂದು ನಾನು. ಹಂಚು ಬದಲಾಯಿಸುವುದು ಮಾತ್ರ ಇಬ್ಬರಿಗೂ ಒಪ್ಪಿಗೆ. ಹಳೆ ಮಂಗಳೂರು ಹಂಚು ಯಾರಲ್ಲಾದರೂ ಬಿದ್ದಿದ್ದರೆ ವಾಚನಾಲಯದಲ್ಲಿ ತಿಳಿಸಿ. ತರುವ ಮುಂಚೆ ಹಿಂಬದಿಯ ಕಾರ್ಖಾನೆ ಮುದ್ರೆಯ ಫೋಟೊ ತೋರಿಸಿ, ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜತೆ ಸರಿಯಾಗಿ ಕೂರುವುದಿಲ್ಲ.